ಖಾಜಪ್ಪ ಟೆಂಟ್ ಹೌಸ್

ಅಂಗಡಿ ಗ್ವಾಡಿಗಿ ಎರಡು ಕ್ಯಾಲೆಂಡರ.
ಒಂದು ನಿಂತಲ್ಲೇ ನಿಂತದ. ಇನ್ನೊಂದು
ವರ್ಷಕ್ಕ ಹನ್ನೊಂದು ದಿನ ಹಿಂದಕ್ಕ ಸರೀತದ,
ಬಸ್ಸಿನ್ಯಾಗ ಮಗ್ಗಲಿಗಿ ಕುಂತ ಹೆಣ್ಣಮಗಳು
ಯಾರದೋ ಕೂಸಿಗಿ ಜಾಗಾ ಬಿಡಲಾಕ ಸರದಂಗ.

ಖುರ್ಚಿ ಆರು ನೂರಾ ನಲವತ್ತು.
ಬೆನ್ನಿಗಿ ಬಿಳಿ ಬಣ್ಣದಾಗ ‘ಖಾ.ಟೆ.ಹೌ.’
ಅಪ್ಪನ ಕೈಬರಹ, ‘ಟೆ’ ಎಲ್ಲಾದರಾಗೂ ಸೊಟ್ಟ.
ಖುರ್ಚಿಗಿ ಜಾತಿ ಇಲ್ಲ ಅಂತ ಯಾರರ ಭಾಷಣದಾಗ ಅಂದ್ರ
ನನಗ ನಗಿ ಬರತದ.
ಅವಕ್ಕ ಇರೋದು ಕಾಲು. ನಾಕು.
ಕೆಲವಕ್ಕ ಮೂರು.

ಊರಿನ ವರ್ಷ ನನಗ ಗೊತ್ತಾಗೋದು ವಾಪಸ ಬಂದಾಗ.
ಕೀಲಿನ ಸಂದ್ಯಾಗ ನೀಲಿ ಗುಲಾಲು ಇದ್ರ ಏಪ್ರಿಲ್,
ಜಗತ್ ಸರ್ಕಲ್ಲಿಂದ ಬಂದಾವ.
ಗಂಧದ ವಾಸನಿ, ತಳಕ್ಕ ಬಿರ್ಯಾನಿ ಜಿಡ್ಡು: ಉರುಸು.
ಗಣಪತಿದು ಆದಮ್ಯಾಲ ಕೆಂಪು ತೊಳದ್ರ ಹೋಗಂಗಿಲ್ಲ,
ಅದರ ಮ್ಯಾಲೇ ಸಪ್ಟೆಂಬರ್ ಹದಿನೇಳರ ಮಳಿ.
ಅವತ್ತ ಮುಂದಿನ ಎರಡು ಸಾಲು ಸೋಫಾ,
ಅವು ನಮ್ಮಲ್ಲಿಲ್ಲ.
ಡಿಸೆಂಬರದಾಗ ಚರ್ಚಿನವರು ಎಣಿಸಿ ಒಯ್ದು ಎಣಿಸಿ ಕೊಡತಾರ,
ಮ್ಯಾಲ ಒಂದು ಕೇಕಿನ ಡಬ್ಬಿ.
ಕವಿಗೋಷ್ಠಿಗಿ ನೂರು ಹೋದವು.
ಅರವತ್ತೆರಡರ ಮ್ಯಾಲ ಯಾರೂ ಕುಂತಿರಲಿಲ್ಲ,
ಹೋದ ಧೂಳು ಹಂಗೇ ಬಂದಿತ್ತು.

ಅಪ್ಪ ಇದ್ದಾಗ ಒಮ್ಮೆ
ಸರಿಯೋ ಕ್ಯಾಲೆಂಡರ ಸರದು ಸರದು
ನಿಂತದ್ದರ ಮ್ಯಾಲೇ ಬಂದು ಕುಂತಿತ್ತು.
ಮುಂಜಾನಿ ಜಯಂತಿ, ರಾತ್ರಿ ಸಂದಲ್.
ಇವರೂ ಅಷ್ಟೂ ಬೇಕಂದ್ರು, ಅವರೂ ಅಷ್ಟೂ.
ಅಪ್ಪ ಇಬ್ಬರಿಗೂ ಹೂಂ ಅಂದ.
(ಅಜ್ಜಿ ದರ್ಗಾಕ್ಕ ಹರಕಿ ಹೊತ್ತು ಹಡದ ಮಗ,
ಇಲ್ಲ ಅನ್ನೋದು ಅವಗ ಬರತಿರಲಿಲ್ಲ,
ಸಾಲಗಾರರಿಗೂ.)
ಬಿಸಿಲು ತಲಿ ಮ್ಯಾಲ. ರುಕ್ಮೋದ್ದೀನನ ಟಂಟಂ
ಹನ್ನೆರಡು ಖೇಪು ಹೊಡೀತು.
ಒರಸಲಾಕ ಟೈಮೆಲ್ಲಿ?
ಆ ರಾತ್ರಿ ಎಷ್ಟೋ ಮಂದಿ ಬಿಳಿ ಜುಬ್ಬಾದ ಬೆನ್ನಿಗಿ
ನೀಲಿ ಹತ್ತಿಸಿಕೊಂಡು ಮನೀಗಿ ಹೋದರು.
ಯಾರೂ ಕೇಳಲಿಲ್ಲ.
‘ಕೇಳಿದ್ರ ಬಾಡಿಗಿ ವಾಪಸ ಕೊಡಬೇಕಾಗತಿತ್ತು’ ಅಂತ
ಅಪ್ಪ ಬಾಳ ದಿನ ನಕ್ಕ.

ಆ ಕ್ಯಾಲೆಂಡರಿಗಿ ಪೂರಾ ಒಂದು ಸುತ್ತು ಹೊಡೀಲಾಕ
ಮೂವತ್ತಮೂರು ವರ್ಷ ಬೇಕು.
ನಾ ಆಗ ಖುರ್ಚಿ ಕೆಳಗ ಆಡೋಳು,
ಕಾಲಿನ ಕಾಡಿನ್ಯಾಗ.
ಈಗ ಖಾತೆ ಬರಿಯೋಳು. ಚಾಳೀಸು ಬಂದದ.
ಬೆರಳು ಮಡಿಚಿ ಎಣಿಸೀನಿ:
ಮತ್ತ ಹತ್ತಿರ ಬಂದದ, ಒಂದೆರಡು ವರ್ಷ.

ರುಕ್ಮೋದ್ದೀನಗ ಹೇಳಿದೆ.
ಆತ ಮೊಣಕಾಲು ತಿಕ್ಕೋತ ಅಂದ:
‘ಅಕ್ಕಾ, ಆಗ ನಾ ಒಂದ್ ಕೈಲಿ ಎಂಟು ಎತ್ತತಿದ್ದೆ.
ಈ ಸಲ ಬ್ಯಾರೆ ಅಂಗಡಿದಿಂದ ಒಂದಿಷ್ಟು ತರಸ್ರಿ,
ಪ್ಲಾಸ್ಟಿಕ್ಕಿನವು. ಹಗೂರ ಇರತಾವ.’
ನಾ ಏನೂ ಅನ್ನಲಿಲ್ಲ.
ಆತನೂ ಚಾ ಕುಡದು ಹೋದ.

ಇವತ್ತ ರಾತ್ರಿ ಎಣಿಸಿದ್ರ ಆರು ನೂರಾ ಮೂವತ್ತೇಳು.
ಕಮ್ಮಿ ಮೂರು.
ಒಂದು ಸೂಪರ್ ಮಾರ್ಕೆಟ್ ಚಾದಂಗಡಿ ಮುಂದದ,
ಸೊಟ್ಟ ‘ಟೆ’ ದೂರಿಂದೇ ಕಾಣತದ.
ಅದರ ಮ್ಯಾಲ ದಿನಾ ಒಬ್ಬ ಮುದುಕ ಕುಂತು
ಹೋಗಿಬರೋರ ಚಪ್ಪಲಿ ನೋಡತಾನ, ಎಬ್ಬಸಲಾಕ ಮನಸಾಗಿಲ್ಲ.
ಒಂದು ಎಲ್ಲಿ ಹೋಯಿತೋ,
ದೇವರಿಗೇ ಗೊತ್ತು, ಇಲ್ಲಾ ಗಣೇಶ ಮಂಡಳಿಯವರಿಗಿ.
ಇನ್ನೊಂದು ಮನ್ಯಾಗ.
ಅಪ್ಪನ್ನ ಕಡೀಗಿ ಕೂಡಿಸಿದ್ದು,
ಗ್ವಾಡಿಗಿ ಆನಿಸಿ, ಹಣಿಗಿ ವಿಭೂತಿ ಹಚ್ಚಿ,
ಊರಿನ ಮಂದಿ ನೋಡಲಾಕ ಬಂದಾಗ.
ಅವತ್ತ ಬಂದವರಿಗಿ ಖುರ್ಚಿ ಸಾಲಲಿಲ್ಲ.
ಎಲ್ಲಾ ಯಾರದೋ ಮದವಿಗಿ ಹೋಗಿದ್ದವು,
ಮುಂಗಡ ತಗೊಂಡಿದ್ದ ಅಪ್ಪನೇ.

ಖಾತೇದಾಗ ಅದನ್ನ
‘ಬಾಡಿಗಿ ಮ್ಯಾಲ’ ಅಂತ ಬರದಿಟ್ಟೀನಿ.

ಹೊರಗ ಟಂಟಂ ಹಾರ್ನು.
ನಾಳೆ ಬುದ್ಧವಿಹಾರ, ಇನ್ನೂರೈವತ್ತು,
ಆರಕ್ಕೆಲ್ಲಾ ಮುಟ್ಟಬೇಕು.