ಮೂವತ್ತೇಳು ಕುದುರೆ

ದಾದಾಪೀರ್ ಬಾನೆಟ್ಟು ಎತ್ತಿ ತೋರಿಸಿದ:
ಮೂವತ್ತೇಳು ಕುದುರೆ ಅದಾವಕ್ಕಾ ಇದರಾಗ.
ಬಗ್ಗಿ ನೋಡಿದೆ.
ಒಂದು ಹಲ್ಲಿ ಇತ್ತು, ಬ್ಯಾಟರಿಯ ಮೇಲೆ ಬಿಳಿ ಬೂಷ್ಟು,
ಯಾರೋ ಮರೆತುಹೋದ ಹನ್ನೆರಡರ ಸ್ಪ್ಯಾನರು.
ಕುದುರೆಗಳು ಮೇಯಲು ಹೋಗಿದ್ದವೇನೋ.

ಅರವತ್ತೆರಡು ಸಾವಿರಕ್ಕೆ ಮಾತು ಮುಗಿಯಿತು,
ಸ್ಟೆಪ್ನಿ ಬೇರೆ.

ಬೆಳಗ್ಗೆ ಆರಕ್ಕೆ ಸಂಡೂರು ಬಿಟ್ಟು ಬಳ್ಳಾರಿಗೆ.
ಪಕ್ಕದ ಸೀಟಿನಲ್ಲಿ ಐಸು ತುಂಬಿದ ಡಬ್ಬ,
ಅದರೊಳಗೆ ನಲವತ್ತೋ ಐವತ್ತೋ ಜನರ ರಕ್ತ
ಕಿರುಬೆರಳಿನಷ್ಟು ಕೊಳವೆಗಳಲ್ಲಿ:
ಗಾದಿಲಿಂಗಪ್ಪನ ಸಕ್ಕರೆ, ಎರ್ರೆಮ್ಮನ ಥೈರಾಯ್ಡು,
ಇನ್ನೂ ಹೆಸರಿಡದ ಕೂಸಿನ ಕಾಮಾಲೆ.
ಬೆಲ್ಟು ಮೊದಲು ಡಬ್ಬಕ್ಕೆ, ಆಮೇಲೆ ನನಗೆ.

ಇಷ್ಟು ಸಣ್ಣ ಗಾಡಿ, ದಿನಾ ಓಡಿಸಾಕ ಸೇಫ್ ಏನವ್ವಾ?
ಕೇಳಿದವರು ತಿಪ್ಪೇರುದ್ರ ಭಾವ.
ಅವರ ಗಾಡಿಗೆ ಹತ್ತಲು ಮೆಟ್ಟಿಲಿದೆ.
ಪವರ್ ಇದ್ದರೆ ಗಂಡಾಂತರದಿಂದ
ಚಿಮ್ಮಿ ಹೊರಗೆ ಬರಬಹುದು, ಅಂದರು.
ಗಂಡಾಂತರದೊಳಕ್ಕೆ ಚಿಮ್ಮಲೂ ಅದೇ ಬೇಕಲ್ಲ ಭಾವ,
ಅನ್ನಬೇಕಿತ್ತು.
ಹೊಳೆದದ್ದು ಮೂರು ದಿನದ ಮೇಲೆ
ಕುಡತಿನಿ ಗೇಟಿನಲ್ಲಿ, ಗೂಡ್ಸಿನ ಡಬ್ಬಿ ಎಣಿಸುತ್ತ.
ಐವತ್ತೆಂಟು.

ಅದೇ ವಾರ, ತೋರಣಗಲ್ಲು ದಾಟಿದ ಮೇಲೆ,
ಮುಂದೆ ಅದಿರಿನ ಟಿಪ್ಪರು.
ಗಾಜಿನ ಮೇಲೆ ಕೆಂಪು ಹಿಟ್ಟು ಜರಡಿ ಹಿಡಿದಂತೆ.
ವೈಪರ್ ಹಾಕಿದರೆ ಅದೇ ರಾಡಿ.
ಭಾವನ ಮಾತು ಕಿವಿಯಲ್ಲಿತ್ತೋ, ಹೊತ್ತಾಗಿತ್ತೋ,
ಬಲಕ್ಕೆ ಹೊರಳಿದೆ.
ಮೂರನೇ ಗೇರು. ಪೆಡಲು ನೆಲಕ್ಕೆ.

ಕುದುರೆಗಳು ಬರಲಿಲ್ಲ.

ಎದುರಿಗೆ ಬಸ್ಸು, ದೀಪ ಮಿಟುಕಿಸುತ್ತ, ದೊಡ್ಡದಾಗುತ್ತ.
ಎಡಗೈಯಲ್ಲಿ ಎಸಿ ಆರಿಸಿದೆ;
ಒಂದು ಕುದುರೆ ಕೆಮ್ಮಿ ಎದ್ದು ನಿಂತಿತು, ಅಷ್ಟೇ.
ಟಿಪ್ಪರಿನ ಚಕ್ರ ನನ್ನ ಕಿವಿಯ ಎತ್ತರಕ್ಕೆ,
ನಟ್ಟುಗಳನ್ನು ಒಂದೊಂದಾಗಿ ಎಣಿಸಬಹುದಿತ್ತು,
ಮುಂದೂ ಇಲ್ಲ, ಹಿಂದೂ ಇಲ್ಲ.

ಆಗ ಮೇಲಿನ ಕಿಟಕಿಯಿಂದ ಒಂದು ಕೈ ಹೊರಬಂತು.
ಮುಖ ಕಾಣಲಿಲ್ಲ. ತಾಮ್ರದ ಉಂಗುರ, ಎರಡು ಬೆರಳ ನಡುವೆ ಬೀಡಿ.
ಟಿಪ್ಪರು ಉಸ್ಸೆಂದು ಬ್ರೇಕು ಹಿಡಿಯಿತು,
ಕೈ ಗಾಳಿಯನ್ನು ಮುಂದಕ್ಕೆ ತಳ್ಳಿತು:
ಹೋಗು, ಹೋಗು.
ಬಸ್ಸು ಹಾದ ಗಾಳಿಗೆ ಗಾಡಿ ಮೊರದಂತೆ ನಡುಗಿತು.

ಚಹಾದಂಗಡಿ ಸಿಕ್ಕಲ್ಲಿ ನಿಲ್ಲಿಸಿ ಡಬ್ಬ ತೆರೆದೆ.
ಒಂದೂ ಒಡೆದಿರಲಿಲ್ಲ.
ಗಾದಿಲಿಂಗಪ್ಪನ ಸಕ್ಕರೆ ಇದ್ದಷ್ಟೇ ಇರಬೇಕು;
ನನ್ನದು ಏರಿತ್ತು.

ಗಾಡಿಯ ಮೇಲೆ ತಪ್ಪು ಹೊರಿಸಲಾರೆ.
ಅದು ತನ್ನ ಕುದುರೆಗಳನ್ನು ಎಂದೂ ಮುಚ್ಚಿಟ್ಟಿರಲಿಲ್ಲ,
ಲೆಕ್ಕ ನನ್ನದು, ತಪ್ಪಿದ್ದೂ ನನ್ನದೇ.
ಈಗ ಇಪ್ಪತ್ತು ನಿಮಿಷ ಮೊದಲೇ ಹೊರಡುತ್ತೇನೆ,
ಟಿಪ್ಪರುಗಳ ಬೆನ್ನು ಓದಿಕೊಂಡು ಹೋಗುತ್ತೇನೆ:
ಮಡ್‌ಫ್ಲ್ಯಾಪಿನ ಹದ್ದು, ಒಣಗಿದ ನಿಂಬೆ,
ಮಾಲೀಕನ ಮಕ್ಕಳ ಹೆಸರು, ಒಂದು ಕಾಗುಣಿತ ತಪ್ಪಿ.

ಆದರೂ ಸುಳ್ಳು ಹೇಳಬಾರದು.
ಬಾಗಿಲ ತಗಡನ್ನು ಹೆಬ್ಬೆರಳಲ್ಲಿ ಒತ್ತಿದರೆ
ಒಳಗೆ ಹೋಗಿ, ಟಕ್ ಎಂದು ಮರಳುತ್ತದೆ.
ಏರ್‌ಬ್ಯಾಗು ಇಲ್ಲ.
ನಿದ್ದೆಗಣ್ಣಿನಲ್ಲಿ ಯಾರಾದರೂ ಬಂದು ಗುದ್ದಿದರೆ
ನನ್ನ ತಾಳ್ಮೆ ಅವರ ಬಂಪರನ್ನು ತಡೆಯುವುದಿಲ್ಲ.
ಭಾವ ಮತ್ತೆ ಕೇಳಿದರೆ ಇದನ್ನೂ ಹೇಳಬೇಕು,
ಹೊಸ ಗಾಡಿಯ ಕಂತಿನ ಲೆಕ್ಕವನ್ನೂ.

ಸಂಜೆ, ಸಂಡೂರಿನ ಏರು.
ಎರಡನೇ ಗೇರಿನಲ್ಲಿ ಮೂವತ್ತೇಳೂ ಏದುಸಿರು.
ಡಬ್ಬ ಖಾಲಿ, ಬೆಲ್ಟು ಬಿಚ್ಚಿಲ್ಲ.
ಹಿಂದೆ ಯಾರದೋ ಅವಸರದ ಹಾರ್ನು.
ತಿರುವು ಮುಗಿದು ರಸ್ತೆ ನೆಟ್ಟಗಾಗುವವರೆಗೆ ಕಾದು
ಕಿಟಕಿಯಿಂದ ಕೈ ಚಾಚಿದೆ:
ಹೋಗಪ್ಪ, ಹೋಗು.

ಒಳಗೆ ತೆಗೆದುಕೊಂಡಾಗ
ಮೊಣಕೈವರೆಗೂ ಕೆಂಪು.