ಎಂಬತ್ತಾರು

ಸ್ಟವ್ ಮೇಲೆ ಅಲ್ಯುಮಿನಿಯಂ ಪಾತ್ರೆ,
ಸುತ್ತ ಹನ್ನೊಂದು ಉಣ್ಣೆಯ ಕುಲಾವಿ.
ನೀರು ಗುಳುಗುಳು ಅಂದದ್ದೇ ತಡ
ಯೋವಾನಾ ಮೂಗು ಸುಡುವಷ್ಟು ಬಗ್ಗಿ
ಥರ್ಮಾಮೀಟರು ಓದಿದಳು: ಎಂಬತ್ತಾರು.

ಮತ್ತೊಮ್ಮೆ ನೋಡು, ಎಂದೆ.
ನೋಡಿದಳು. ಎಂಬತ್ತಾರು.
ವಿಲ್ಮರ್ ನೋಡಿದ, ಅವನ ತಂಗಿ ನೋಡಿದಳು,
ಯಾವ ಲೆಕ್ಕಕ್ಕೂ ಒಂದು ಹೆಚ್ಚೇ ಹೇಳುವ ಎಫ್ರೈನ್ ಕೂಡ
ಇವತ್ತು ಎಂಬತ್ತಾರೇ ಅಂದ.

ಓರೂರೋದಿಂದ ಬಸ್ಸಿನಲ್ಲಿ ಐದು ತಾಸು,
ನಾಲ್ಕು ಸಾವಿರ ಮೀಟರು ಎತ್ತರದ ಬಯಲು ನಮ್ಮದು.
ಮರವಿಲ್ಲ. ಗಾಳಿ ಇದೆ,
ಅಂದರೆ ಬೀಸುವ ಗಾಳಿ;
ಉಸಿರಾಡುವ ಗಾಳಿಗೆ ಸ್ವಲ್ಪ ಬರ.
ಇಂಟರ್ನೆಟ್ಟು ಸಿಗುವುದು ಶಾಲೆಯ ಹಿತ್ತಿಲಲ್ಲಿ,
ಅದೂ ಒಂದು ಕಲ್ಲಿನ ಮೇಲೆ ಹತ್ತಿ ನಿಂತರೆ.
ಆ ಕಲ್ಲಿನಿಂದಲೇ ಕಳಿಸಿದೆವು ನಮ್ಮ ಅಂಕಿಯನ್ನು
ಮೂವತ್ತೊಂದು ಶಾಲೆಗಳ ಕೋಷ್ಟಕಕ್ಕೆ.
ಎಲ್ಲರಿಗೂ ಒಂದೇ ಪ್ರಶ್ನೆ:
ನಿಮ್ಮೂರಲ್ಲಿ ನೀರು ಎಷ್ಟಕ್ಕೆ ಕುದಿಯುತ್ತದೆ?
ನಿಮ್ಮ ಒಲೆ, ನಿಮ್ಮ ಪಾತ್ರೆ, ನಿಮ್ಮ ನೀರು.
ಎಲ್ಲ ಕೂಡಿಸಿ ಸರಾಸರಿ ತೆಗೆಯಿರಿ.

ಸಂಜೆಗೆ ಕೋಷ್ಟಕ ತುಂಬಿತು.
ನೂರು. ನೂರು. ತೊಂಬತ್ತೊಂಬತ್ತು. ನೂರು.
ಪೋರ್ಚುಗಲ್ಲಿನ ಮೀನುಗಾರರ ಊರು, ನೂರು.
ನಾರ್ವೆಯಲ್ಲಿ ಕಿಟಕಿಯಾಚೆ ಸೊನ್ನೆಗೂ ಕೆಳಗೆ,
ಪಾತ್ರೆಯೊಳಗೆ ನೂರು.
ಒಂದು ಶಾಲೆ ನೂರಾ ಎರಡು ಬರೆದಿತ್ತು,
ಅವರನ್ನು ಯಾರೂ ಏನೂ ಕೇಳಲಿಲ್ಲ.
ನಮಗೆ ಮಾತ್ರ ಪತ್ರ ಬಂತು, ಬಹಳ ಮರ್ಯಾದೆಯ ಪತ್ರ:
ಪ್ರಿಯ ಗೆಳೆಯರೇ, ನಿಮ್ಮ ಥರ್ಮಾಮೀಟರು ಕೆಟ್ಟಿರಬಹುದು,
ಸದ್ಯಕ್ಕೆ ಸರಾಸರಿಯಿಂದ ನಿಮ್ಮನ್ನು ಬಿಟ್ಟಿದ್ದೇವೆ,
ಭೂಪಟದ ಮೇಲೆ ನಿಮ್ಮ ಬಾವುಟ ಹಾಗೇ ಇದೆ.

ಆಟಕ್ಕುಂಟು,
ಲೆಕ್ಕಕ್ಕಿಲ್ಲ.

ನೂರು ಅಂತ ಬರೆದುಬಿಡೋಣ ಟೀಚರ್,
ಪುಸ್ತಕದಲ್ಲೂ ಹಾಗೇ ಇದೆಯಲ್ಲ,
ಯೋವಾನಾ ರಬ್ಬರು ಹುಡುಕಿದಳು.
ನಿಜ ಹೇಳಬೇಕು, ರಬ್ಬರು ಎಲ್ಲಿದೆಯೆಂದು ನನಗೂ ಗೊತ್ತಿತ್ತು.
ಹದಿನೇಳು ವರ್ಷ ಇದೇ ಕೋಣೆಯಲ್ಲಿ, ಇದೇ ಬೋರ್ಡಿನ ಮೇಲೆ
ನೂರೆಂದೇ ಬರೆದವಳು ನಾನು,
ಒಂದು ಸಲವೂ ನೀರು ಕಾಯಿಸದೆ.

ಪಾತ್ರೆ ಹಿಂದಕ್ಕೆ ಒಯ್ಯಲು ಬಂದ
ವಿಲ್ಮರನ ಅಜ್ಜಿ ಫ್ರೆದೆಸ್ವಿಂದಾ
ಬಾಗಿಲಲ್ಲೇ ನಿಂತು ನಕ್ಕಳು.
ಕೆಳಗೆ ಕಣಿವೆಯಲ್ಲಿ ನನ್ನ ತಂಗಿ ಮನೇಲಿ
ಒಂದು ಗಂಟೆಗೆ ಬೇಯುವ ಕಾಳು
ಇಲ್ಲಿ ಮೂರು ಗಂಟೆಗೂ ಹಲ್ಲಿಗೆ ಕಲ್ಲು.
ಮೇಲಿನ ನೀರಿಗೆ ಅವಸರ ಕಣ್ರೇ,
ಮೈ ಪೂರಾ ಕಾಯೋದಕ್ಕೆ ಮುಂಚೆಯೇ ಕುಣಿಯುತ್ತೆ.
ಈ ಊರಲ್ಲಿ ಯಾರ ಬೇಳೆ ಬೇಗ ಬೆಂದಿದೆ ಹೇಳಿ!

ಮಕ್ಕಳು ಕಲ್ಲಿನ ಕಡೆ ಓಡಿದರು.
ಮೂವತ್ತು ಶಾಲೆಗೂ ಒಂದೇ ಸಾಲು:
ಸಮುದ್ರದಿಂದ ನೀವೆಷ್ಟು ಎತ್ತರ?

ಏಳು ಮೀಟರು. ಹನ್ನೆರಡು.
ಸಮುದ್ರವೇ ನಮ್ಮ ಗೇಟಿಗೆ ಬರುತ್ತದೆ, ಎಂದಿತು ಒಂದು.
ಐದು ದಿನವಾದ ಮೇಲೆ
ಇಥಿಯೋಪಿಯಾದ ಬೆಟ್ಟದ ಶಾಲೆಯೊಂದು:
ಎರಡು ಸಾವಿರದ ನಾನೂರು.
ನಮಗೂ ತೊಂಬತ್ತೆರಡು ಬಂದಿತ್ತು.
ನಾವು ಅಳಿಸಿದೆವು.

ಯೋವಾನಾ ಅದನ್ನು ಎರಡು ಸಲ ಓದಿದಳು.
ರಬ್ಬರನ್ನು ಕಿಟಕಿಯ ಮೇಲಿಟ್ಟಳು.

ಅಜ್ಜಿಯಿಂದ ಎಣಿಸಿ ಮೂವತ್ತೊಂದು ಕಾಳು ತಂದು
ನೆಲದ ಮೇಲೆ ಸೀಮೆಸುಣ್ಣದ ಗೆರೆಗಳ ನಡುವೆ ಇಟ್ಟೆವು:
ಅಡ್ಡಕ್ಕೆ ಎತ್ತರ, ಉದ್ದಕ್ಕೆ ಬಿಸಿ.
ಒಂದು ಮೂಲೆಯಲ್ಲಿ ಇಪ್ಪತ್ತೊಂಬತ್ತು ಗುಂಪಾಗಿ ಕೂತವು.
ನಮ್ಮದು ಬೆಂಚಿನ ಕೆಳಗೆ, ಒಂದೇ.
ಲಾಮಾ ಉಣ್ಣೆಯ ದಾರವನ್ನು ಗುಂಪಿನಿಂದ ನಮ್ಮವರೆಗೆ ಎಳೆದರೆ
ಇಥಿಯೋಪಿಯಾದ ಪಕ್ಕದಲ್ಲೇ ಹಾದುಹೋಯಿತು.
ಹೆಬ್ಬೆರಳಷ್ಟು ಆಚೆ. ಇರಲಿ.

ಎರಡನೇ ಪತ್ರ ಕ್ಷಮೆ ಕೇಳಿತು,
ನಮ್ಮಿಬ್ಬರನ್ನೂ ಲೆಕ್ಕಕ್ಕೆ ಸೇರಿಸಿಕೊಂಡಿತು.
ಹೊಸ ಸರಾಸರಿ ತೊಂಬತ್ತೊಂಬತ್ತು ಚಿಲ್ಲರೆ.
ಆ ಚಿಲ್ಲರೆಗೆ ಸರಿಯಾಗಿ ನೀರು ಕುದಿಯುವುದು
ಯಾವ ಊರಲ್ಲಿ ಟೀಚರ್, ಎಂದು ಎಫ್ರೈನ್ ಕೇಳಿದ.
ಉತ್ತರವನ್ನು ನಾಳೆಗಿಟ್ಟು
ಚಹಾ ಸೋಸಿದೆ. ಬಣ್ಣ ತೆಳು,
ನಮ್ಮಲ್ಲಿ ಯಾವಾಗಲೂ ಹಾಗೆ.

ಫ್ರೆದೆಸ್ವಿಂದಾ ಸೆರಗಿಗೆ ಕಾಳು ಎಣಿಸಿಕೊಂಡಳು.
ಮೂವತ್ತೇ ಇವೆಯಲ್ಲ, ಅಂದಳು.
ಹನ್ನೊಂದು ಕುಲಾವಿಗಳು ಒಟ್ಟಿಗೇ
ಚಹಾದ ಬಟ್ಟಲೊಳಗೆ ಇಣುಕಿದವು.