ಮೈನಸ್ ಹದಿನೆಂಟು

ಏಪ್ರಿಲ್ ತಿಂಗಳು. ಗೆಜ್ಜಲಗೆರೆಯ ತಗಡಿನ ಸೂರು
ಕಾದ ಹೆಂಚಿನಂಗೆ ನಮ್ಮ ಮೇಲೆ ಕವುಚಿಕೊಂಡದೆ.
ಅದರಡಿ ನಲವತ್ತು ಜನ ಹೆಂಗಸರು
ಹಿಮದಲ್ಲಿ ಜಾರೋರ ಕೋಟು ಹೊಲೀತಾ ಇದ್ದೀವಿ.
ಫ್ಯಾನು ತಿರುಗ್ತದೆ,
ಒಬ್ಬಳ ಕತ್ತಿನ ಸೆಕೆ ತಕ್ಕೊಂಡು
ಇನ್ನೊಬ್ಬಳ ಕತ್ತಿಗೆ ಕೊಡ್ತದೆ.

ನನ್ನ ಪಾಲಿಗೆ ಬಂದದ್ದು ಜಿಪ್ಪು.
ಗದ್ದದ ತನಕ ಏರಬೇಕು, ಎಲ್ಲೂ ಕಚ್ಚಬಾರದು.
ಗಾಳಿ ನುಗ್ಗದಂಗೆ ಒಳಗೊಂದು ಪಟ್ಟಿ,
ತುದಿಯಲ್ಲಿ ಬೆರಳಗಲ ಮೆತ್ತನೆ ಬಟ್ಟೆ.
ಅಲ್ಲಿ ಯಾರದೋ ಗದ್ದ ತರಚಬಾರದು ಅಂತ
ಇಲ್ಲಿ ನನ್ನ ಹೆಬ್ಬೆರಳು ತರಚಿದೆ.

ಈ ಸಲದ ಮಾಲು ದೊಡ್ಡೂರಿಗಲ್ಲ.
ಪ್ಯಾಕಿಂಗಿನ ಮುನವ್ವರ್ ಪೆಟ್ಟಿಗೆ ಮೇಲಿನ ಹೆಸರು ಓದ್ತಾನೆ:
ಬಿವಿಯೊ. ಮಕುನ್ಯಾಗ. ಬೊನ್‌ವಾಲ್. ಓಬರ್‌ಟಿಲಿಯಾಖ್.
ಕೊನೇದಕ್ಕೆ ನಾಲಿಗೆ ಮಡಚಲಾರದೆ ಕೆಮ್ಮಿದ.
ಅದೂ ಒಂದೂರೇನೋ ಅಂದ್ಕೊಂಡು
ಸಣ್ಣತಾಯಮ್ಮ ತಲೆಯಾಡಿಸಿದಳು.

"ಇವೆಲ್ಲ ಕ್ಯಾಲೆಂಡರಿನ ಊರಲ್ಲ ಕಣಕ್ಕ,
ಸಿನಿಮಾದೋರು ಕುಣಿಯೋಕೆ ಹೋಗೋ ಕಡೆಯೂ ಅಲ್ಲ.
ಆಲ್ಪ್ಸ್ ಬೆಟ್ಟದ ಮಗ್ಗುಲಲ್ಲಿ ಅವಿತುಕೊಂಡಿರೋವು,
ನಾಕು ಹೋಟ್ಲು, ಒಂದು ಚರ್ಚು, ಜಾರೋಕೆ ಒಂದಿಳಿಜಾರು."
"ಅಂದ್ರೆ ನಮ್ಮ ಕೂಳಗೆರೆ ಇದ್ದಂಗೆ," ಅಂದಳು ಗುರುಮಲ್ಲಿ,
"ನಿಲ್ಸಿ ಅಂತ ಕೂಗಿದ್ರೆ ಮಾತ್ರ ಬಸ್ಸು ನಿಲ್ತದೆ."

ಮುದ್ದೆ ಮುರಿಯೋ ಹೊತ್ತಲ್ಲಿ ಮುನವ್ವರ್ ಫೋನು ತೆಗೀತಾನೆ.
ಬಿವಿಯೊದಲ್ಲಿ ಹಿಡಿಯಷ್ಟು ಜನ, ಮೂರು ಭಾಷೆಯಂತೆ.
"ಜಗಳಕ್ಕೆ ಯಾವುದು?" ಸಣ್ಣತಾಯಮ್ಮನ ಪ್ರಶ್ನೆ.
ಬೊನ್‌ವಾಲಲ್ಲಿ ಗೋಡೆಯೂ ಕಲ್ಲು, ಸೂರೂ ಕಲ್ಲು.
ಆ ಕೆಮ್ಮಿನೂರಲ್ಲಿ ಈಗಲೂ ಒಬ್ಬ ಕಾವಲುಗಾರ
ಲಾಟೀನು ಹಿಡಿದು ರಾತ್ರಿ ಬೀದಿ ಸುತ್ತುತಾನಂತೆ.
ಗೇಟಿನ ಜವರಪ್ಪನಿಗೆ ಹೋಗಿ ಹೇಳಿದೆವು.
"ಸಂಬಳ ಎಷ್ಟಂತೆ?" ಅಂದ.

ಸೋಮವಾರ ಒಂದು ಕೋಟು ರಿಜೆಕ್ಟಾಯ್ತು.
ಎಡತೋಳಲ್ಲಿ ಹೊಲಿಗೆ ಎರಡೆಳೆ ಆಚೆ.
ಸೈಜು ಮೀಡಿಯಂ, ಬಣ್ಣ ಹೀರೇಹೂವಿನ ಹಳದಿ.
ಸೂಪರ್‌ವೈಸರ್ ಸಿದ್ದಪ್ಪಾಜಿ ಗಡಿಯಾರ ನೋಡ್ತಾ
"ಬೆಳಗ್ಗೆ ಇಲ್ಲೇ ಇರಬೇಕು" ಅಂದ್ರು. ಅಷ್ಟೇ ಅಂದ್ರು.

ನನ್ನ ಮೈದ ಡೈರಿಯಲ್ಲಿದ್ದಾನೆ.
ಐಸ್‌ಕ್ರೀಮಿನ ಕೋಣೆಯ ಬೀಗದ ಕೈ ಅವನ ಸೊಂಟದಲ್ಲಿ.
ಶಿಫ್ಟು ಬಿಟ್ಟು ಮೂವರೂ ನಡೆದೆವು.
ಒಂದೇ ಕೋಟು, ತಲಾ ಮೂರು ನಿಮಿಷ,
ಮೊದಲು ನಾನು, ಜಿಪ್ಪು ನಂದಾದ್ದರಿಂದ.
ಮೇಲೆ ಆಲ್ಪ್ಸು,
ಕೆಳಗೆ ಚೂಡಿದಾರು, ಹವಾಯಿ ಚಪ್ಪಲಿ.

ಬಾಗಿಲು ಮುಚ್ಚಿತು.
ನನ್ನ ಉಸಿರು ಹೊರಗೆ ಬಂದು ಕಣ್ಣೆದುರೇ ನಿಂತುಕೊಂತು.
ಇಷ್ಟು ವರ್ಷ ಒಳಗೇ ಓಡಾಡಿಕೊಂಡಿದ್ದಿಯಲ್ಲೇ,
ನೀನು ಇಂಗಿದ್ದೀಯಾ?
ಗೋಡೆಯ ಬಿಳಿಯನ್ನ ಉಗುರಲ್ಲಿ ಕೆರೆದೆ,
ರಂಗೋಲಿ ಪುಡಿಯಂಗೆ ಉದುರಿ ಬೆರಳಲ್ಲೇ ನೀರಾಯ್ತು.
ಕಾಲು ಕೊರಡು. ಕಿವಿ ಎಲ್ಲೋ ಹೋಗಿತ್ತು.
ಆದ್ರೆ ಕೋಟೊಳಗೆ, ಅವ್ವಾ,
ಕೋಟೊಳಗೆ ಗೆಜ್ಜಲಗೆರೆ ಹಂಗೇ ಇತ್ತು!
ಆ ತಗಡು, ಆ ಮಧ್ಯಾಹ್ನ,
ನಲವತ್ತು ಕತ್ತುಗಳ ಸೆಕೆ,
ಎಲ್ಲ ಒಳಪದರಕ್ಕೆ ಸೇರಿಸಿ ಹೊಲಿದಂಗೆ.

ಹೊರಗೆ ಬರೋವಾಗ ಒದ್ದೆ ನೆಲದಲ್ಲಿ ಚಪ್ಪಲಿ ಜಾರಿ
ಎರಡು ಮಾರು ಹೋದೆ, ಬೀಳದೆ.
ಗುರುಮಲ್ಲಿ ಚಪ್ಪಾಳೆ ತಟ್ಟಿದಳು.
ಮೈದ ಕಪ್ಪು ಐಸ್‌ಕ್ರೀಮು ಕೊಟ್ಟ, ಯಾರಿಗೂ ಬೇಡವಾಗಿತ್ತು.

ಬೆಳಗ್ಗೆ ಎರಡೆಳೆ ಬಿಚ್ಚಿ ತೋಳು ಮತ್ತೆ ಹೊಲಿದೆ.
ಮಕುನ್ಯಾಗದ ಪೆಟ್ಟಿಗೆಗೆ ಇನ್ನೂ ಟೇಪು ಬಿದ್ದಿರಲಿಲ್ಲ.
ಸಿದ್ದಪ್ಪಾಜಿಯೋರು ಆಗಲೂ ಗಡಿಯಾರ ನೋಡ್ತಿದ್ದರು.
ಅಲ್ಲಿ ಯಾರಾದರೂ ಮೂಗು ಒರೆಸಿಕೊಂಡರೆ
ಆ ತೋಳು ಕೊಂಚ ವೆನಿಲ್ಲಾ ನಾರಬಹುದು.
ಗದ್ದ ಮಾತ್ರ ತರಚಲ್ಲ.